ತೊಂಬತ್ತಾರನೇ ಕಿಲೋಮೀಟರು

ಅಡ್ಡಕ್ಕೆ ಗಂಟೆ, ಉದ್ದಕ್ಕೆ ಊರು.
ಊರೆಂದರೇನು, ಗೋಬಿಯ ಮರಳಲ್ಲಿ
ಒಂದು ನೀರಿನ ಟ್ಯಾಂಕು, ಒಂದು ದೀಪದ ಕಂಬ,
ಒಂಟಿ ಹಳಿ ಪಕ್ಕಕ್ಕೆ ಸರಿದು ಎರಡಾಗುವಷ್ಟು ಜಾಗ.
ಮೇಜಿನಗಲ ಹಾಸಿದ ಹಾಳೆಯ ಮುಂದೆ
ದುಲಮ್‌ಜಾವ್ ಅಕ್ಕ ಪೆನ್ಸಿಲು ಚೂಪು ಮಾಡಿ ಕೂತರೆ
ಇರುಳು ಹನ್ನೆರಡು.

ಶಾಲೆಯಲ್ಲಿ ನಾನು ಸಮೀಕರಣ ಬಿಡಿಸಿದವಳು.
ಎಕ್ಸ್ ಅನ್ನು ಆ ಕಡೆ ದಾಟಿಸು, ಚಿಹ್ನೆ ಬದಲಿಸು,
ವೈ ಅನ್ನು ಹೊಡೆದುಹಾಕು, ಉತ್ತರದ ಕೆಳಗೆ ಎರಡು ಗೀಟು.
ಇಲ್ಲಿ ಎಕ್ಸ್ ಇಲ್ಲ, ‘ಎಷ್ಟು ಹೊತ್ತಿಗೆ’ ಇದೆ.
ವೈ ಇಲ್ಲ, ‘ಎಲ್ಲಿ’ ಇದೆ.

ತೆಂಕಣಿಂದ ಕಲ್ಲಿದ್ದಲು ಗಾಡಿ, ಗಂಟೆಗೆ ನಲವತ್ತು:
ಸೊನ್ನೆಯ ಮೂಲೆಯಿಂದ ಮೇಲೇರುವ ಕಪ್ಪು ಗೆರೆ.
ಬಡಗಣಿಂದ ಪ್ಯಾಸೆಂಜರು, ಇನ್ನೂರ ಹತ್ತರಿಂದ
ಗಂಟೆಗೆ ಮೂವತ್ತರಂತೆ ಇಳಿದು ಬರುವ ಕೆಂಪು.
ಎರಡೂ ಹನ್ನೆರಡಕ್ಕೇ ಹೊರಟವು.
ಒಂದೇ ಗೆರೆ ನೋಡಿದರೆ ಅದರ ಮೇಲಿನ ಎಲ್ಲ ಚುಕ್ಕೆಯೂ ಸರಿ,
ಗಾಡಿ ಯಾವ ಹೊತ್ತಿಗೂ ಎಲ್ಲೋ ಒಂದು ಕಡೆ ಇರುತ್ತದಲ್ಲ.
ಇನ್ನೊಂದು ಬಂದು ಅಡ್ಡ ಹಾಯ್ದಾಗಲೇ
ಸಾವಿರ ಸರಿಗಳಲ್ಲಿ ಒಂದು ಉಳಿಯುವುದು:
ಮೂರು ಗಂಟೆ, ನೂರ ಇಪ್ಪತ್ತು.
ಅಲ್ಲಿ ಸೈಡಿಂಗ್ ಇದೆ. ಪುಣ್ಯ.

ಒಮ್ಮೆ ಪಟ್ಟಣದ ಪತ್ರಿಕೆಯವನೊಬ್ಬ ಬಂದು
‘ಮನುಷ್ಯರೂ ಹೀಗೇ ಅಲ್ಲವೆ, ಒಮ್ಮೆ ಕೂಡಿ
ಮತ್ತೆ ದೂರ ದೂರ’ ಎಂದನಂತೆ.
ಅಕ್ಕ ಕತ್ತೆತ್ತಲಿಲ್ಲವಂತೆ. ‘ಆ ಚುಕ್ಕೆಯ ಅಡಿ
ಎರಡು ಸಾವಿರ ಟನ್ ಇದೆ. ಬೆರಳು ತೆಗಿ.’

ಒಂದು ಗಂಟೆ ಹತ್ತಕ್ಕೆ ಫೋನು.
ಎದುರುಗಾಳಿ. ಕಲ್ಲಿದ್ದಲಿನ ಗೊಂಬೊಸುರೆನ್
ನಲವತ್ತನೇ ಕಿಲೋಮೀಟರು ದಾಟಿದ್ದೇ ಇಪ್ಪತ್ತಕ್ಕಿಳಿದಿದ್ದಾನೆ.
ಕಪ್ಪು ಗೆರೆ ಸೊಂಟ ಮುರಿದುಕೊಂಡು ವಾಲಿತು.
ನಾನು ಸ್ಕೇಲಿಟ್ಟೆ. ಕೂಡುವ ಜಾಗ ಜಾರಿ ಜಾರಿ
ನಿಂತದ್ದು ತೊಂಬತ್ತಾರರಲ್ಲಿ, ಮೂರು ನಲವತ್ತೆಂಟಕ್ಕೆ.
ತೊಂಬತ್ತಾರರಲ್ಲಿ ಏನಿದೆ? ಏನೂ ಇಲ್ಲ.
ಹಳಿ ಒಂದೇ.
ಗಣಿತದ ಮಟ್ಟಿಗೆ ಅದು ತಪ್ಪಿಲ್ಲದ ಉತ್ತರ.

‘ಎಂಬತ್ತರ ಸೈಡಿಂಗಲ್ಲಿ ಕಲ್ಲಿದ್ದಲು ನಿಲ್ಲಿಸೋಣ,’ ಎಂದೆ,
‘ಮೂರಕ್ಕೆ ಬರುತ್ತದೆ, ನಾಲ್ಕು ಇಪ್ಪತ್ತಕ್ಕೆ ಪ್ಯಾಸೆಂಜರು ದಾಟುತ್ತದೆ,
ಎಂಬತ್ತು ನಿಮಿಷ ಸಾಕು. ಪ್ಯಾಸೆಂಜರನ್ನು ನೂರ ಇಪ್ಪತ್ತರಲ್ಲಿ ಕಾಯಿಸಿದರೆ
ಎರಡು ಗಂಟೆ ದಂಡ.’
ಲೆಕ್ಕ ಸರಿಯಿತ್ತು. ಭೇಷ್ ಎನ್ನಲೆಂದು ಕಾದೆ.
ಅಕ್ಕ ರಬ್ಬರು ಎತ್ತಿಕೊಂಡಳು.
‘ಎಂಬತ್ತರಲ್ಲಿ ಏರು. ಈ ಚಳಿಗೆ, ಈ ಗಾಳಿಗೆ
ಒಮ್ಮೆ ನಿಂತ ಕಲ್ಲಿದ್ದಲು ಮತ್ತೆ ಏಳುತ್ತದೆಯೆ?’
ಗೆರೆಯ ಇಳಿಜಾರು ನನಗೆ ಗೊತ್ತಿತ್ತು.
ನೆಲದ್ದು ಗೊತ್ತಿರಲಿಲ್ಲ.

ಕೆಂಪು ಗೆರೆ ನೂರ ಇಪ್ಪತ್ತಕ್ಕೆ ಬಂದು ಮಲಗಿತು,
ಮೂರರಿಂದ ಐದರವರೆಗೆ, ನೀಟಾಗಿ, ಅಡ್ಡಡ್ಡ.
ಹೊತ್ತು ಸರಿಯುತ್ತದೆ, ಜಾಗ ಸರಿಯುವುದಿಲ್ಲ.
ನಿಲ್ಲುವುದೂ ಒಂದು ಗೆರೆಯೆಂದು ಪುಸ್ತಕದಲ್ಲಿತ್ತು,
ಅದರೊಳಗೆ ಬೋಗಿಗಟ್ಟಲೆ ಜನ ಕೂತಿರುತ್ತಾರೆಂದು ಇರಲಿಲ್ಲ.
ಸೈಡಿಂಗಿನ ಮುದುಕ ಫೋನಿನಲ್ಲಿ ಹೇಳುತ್ತಿದ್ದ:
ಯಾರದೋ ಕೂಸು ಅಳುತ್ತಿದೆ, ಬೋಗಿಯ ಹೆಂಗಸು ಉಪ್ಪಿನ ಚಹಾ
ಕಾಯಿಸಿ ಹಂಚುತ್ತಿದ್ದಾಳೆ, ಡ್ರೈವರ್ ತ್ಸೆರೆನ್‌ದಾಶ್
ನಮ್ಮ ಆಫೀಸಿನ ಏಳು ತಲೆಮಾರನ್ನೂ ಬಯ್ಯುತ್ತಿದ್ದಾನೆ.
‘ಬಯ್ಯಲಿ,’ ಎಂದಳು ಅಕ್ಕ. ‘ದನಿ ಗಟ್ಟಿಯಾಗಿದೆಯೆ?’
‘ಗಟ್ಟಿಯಾಗಿದೆ.’
‘ಸರಿ ಹಾಗಾದರೆ.’

ಐದರ ಮೇಲೆ ಎರಡು ನಿಮಿಷ. ಫೋನಿನೊಳಗೇ
ನೆಲ ನಡುಗಿತು. ಮುದುಕ ಡಬ್ಬಿ ಎಣಿಸಿದ,
ನಡುವೆ ಕೆಮ್ಮಿದ, ಎಣಿಕೆ ತಪ್ಪಲಿಲ್ಲ.
‘ಬಾಲದ ದೀಪ ಕಂಡೆ’ ಎಂದ.
ಅಕ್ಕ ಪೆನ್ಸಿಲಿನ ಮೇಲೆ ಶಾಯಿ ಎಳೆದಳು,
ಆಗಲಿಕ್ಕಿದ್ದದ್ದು ಆದದ್ದಾಯಿತು.

ಬೆಳಗ್ಗೆ ಹಾಳೆ ಮಡಿಸಿ ಬೀರುವಿನಲ್ಲಿಡುವುದು ನನ್ನ ಪಾಲಿನ ಕೆಲಸ.
ಮಡಿಸುವ ಮುನ್ನ ಬೆರಳಾಡಿಸಿ ನೋಡಿದೆ:
ತೊಂಬತ್ತಾರರ ಹತ್ತಿರ, ರಬ್ಬರು ತಿಂದ ಬಿಳುಪಿನಲ್ಲಿ
ನನ್ನ ಪೆನ್ಸಿಲು ಒತ್ತಿದ ಒಂದು ಚಿಕ್ಕ ಕುಳಿ
ಇನ್ನೂ ಇತ್ತು.