ವಿಷಯ ಏಳು

ದುರ್ಗಿಗುಡಿಯ ಸೈಕಲ್ ಅಂಗಡಿ ಮೇಲಿನ ಕೋಣೆ
ಮಾರ್ಚ್ ಕೊನೆಗೆ ಖಾಲಿ ಮಾಡಿ ಕೊಡಬೇಕು.
ಸುತ್ತಿಟ್ಟ ಬ್ಯಾನರು, ತುಕ್ಕು ಹಿಡಿದ ಸ್ಟೇಪ್ಲರು,
ಬಗರ್‌ಹುಕುಂ ಅರ್ಜಿಗಳ ಮೂರು ಗೋಣಿಚೀಲ,
ಕೆರಿಯಪ್ಪನ ಒಂಟಿ ಚಪ್ಪಲಿ.
ಲಾಠಿ ಬಿದ್ದ ದಿನದ್ದು, ಎಸೆಯಲು ಯಾರಿಗೂ ಮನಸ್ಸಿಲ್ಲ.

ಎಲ್ಲದರ ಅಡಿಗೆ ನಡಾವಳಿ ಪುಸ್ತಕ.
ಹನ್ನೊಂದು ವರ್ಷ, ಒಂದೇ ಕೈಬರಹ.
ಮುತ್ತು ಪೋಣಿಸಿದ ಹಾಗೆ ಬರೀತೀಯ ಅನ್ನುತ್ತಿದ್ದೆವು,
ಅದನ್ನು ಹೊಗಳಿಕೆ ಅಂದುಕೊಂಡೇ.
"ಗುತ್ಯಮ್ಮ, ನೀನೇ ಬರಿ ಮಾರಾಯ್ತಿ,
ನಮ್ಮದೆಲ್ಲ ಕಾಗೆ ಕಾಲು ಗುಬ್ಬಿ ಕಾಲು."
ಡಿಗ್ರಿ ಇದ್ದವರು ನಾವು ಐವರಿದ್ದೆವು ಆ ಕೋಣೆಯಲ್ಲಿ.

ಹಾಜರಿದ್ದವರು: ಷಡಾಕ್ಷರಿ, ಇನಾಯತ್, ತೀರ್ಥೇಶ,
ಕೆರಿಯಪ್ಪ, ನಾನು.
ಪುಟ ತಿರುವಿದೆ. ಮತ್ತೆ ಹಿಂದಕ್ಕೆ ತಿರುವಿದೆ.
ಹನ್ನೊಂದು ವರ್ಷದಲ್ಲಿ
ಗುತ್ಯಮ್ಮ ಒಂದು ಸಭೆಗೂ ಹಾಜರಿಲ್ಲ.
ಬರೆಯುವವಳು ತನ್ನನ್ನು ಬರೆದುಕೊಂಡಿಲ್ಲ,
ನಾವು ಪ್ರತಿ ಸಲವೂ ಕೆಳಗೆ ಸಹಿ ಹಾಕಿದ್ದೇವೆ,
ಓದಿದೆವು, ಸರಿಯಿದೆ ಎಂದು.

ಸಾಗರದಿಂದ ಶಿವಮೊಗ್ಗಕ್ಕೆ ಕಾಲ್ನಡಿಗೆ ಜಾಥಾ.
ಎರಡನೇ ರಾತ್ರಿ ಕುಂಸಿಯ ಶಾಲೆ, ಸಾಲು ಜಮಖಾನ.
ಬೆಳಿಗ್ಗೆ ಉಪ್ಪಿಟ್ಟಿಗೆ ನಿಂತಾಗ ಹೇಳಿದಳು:
ಇಂಥ ಹೊತ್ತು, ಹೊದಿಕೆಯೊಳಗೆ ಕೈ.
ಹೆಸರೂ ಹೇಳಿದಳು.
ನಾವೆಲ್ಲ ಅಣ್ಣ ಅನ್ನುತ್ತಿದ್ದವನದು.
ನಾನು ಮೊದಲು ಕೇಳಿದ್ದು, ಬೇರೆ ಯಾರಿಗಾದರೂ ಹೇಳಿದ್ಯಾ?
ಆಮೇಲೆ, ನಿದ್ದೆಗಣ್ಣಲ್ಲಿ ಗೊತ್ತಾಗದೆ ಏನಾದರೂ...
ಮೂರನೆಯದು ನೆನಪಿಲ್ಲ.
ಉಪ್ಪಿಟ್ಟು ಬಿಸಿ ಇತ್ತು, ಅದು ನೆನಪಿದೆ.

ಪುಟ ನೂರಾ ನಲವತ್ಮೂರು. ಒಂದಕ್ಷರವೂ ಅಲುಗಿಲ್ಲ:
ವಿಷಯ ೭. ವೈಯಕ್ತಿಕ ದೂರು.
ಧರಣಿ ಮುಗಿಯುವವರೆಗೆ ಮುಂದೂಡಲು ತೀರ್ಮಾನಿಸಲಾಯಿತು.
ಆ ವಾಕ್ಯ ಬಾಯಲ್ಲಿ ಹೇಳಿ ಬರೆಸಿದವನು ನಾನು.
'ದೂರು' ಬೇಡ, 'ವಿಚಾರ' ಅಂತ ಹಾಕು, ಎಂದ ತೀರ್ಥೇಶ.
ತಲೆ ಎತ್ತದೆ ದೂರು ಎಂದೇ ಬರೆದಳು.

ಧರಣಿ ಗೆದ್ದಿತು. ಇಪ್ಪತ್ತೆಂಟು ಮನೆಗೆ ಹಕ್ಕುಪತ್ರ.
ಅದು ಸುಳ್ಳಲ್ಲ, ಇವತ್ತಿಗೂ ಆ ಗದ್ದೆಗಳಲ್ಲಿ ನಾಟಿ ಆಗುತ್ತದೆ.
ಏಳನೇ ವಿಷಯ ಮುಂದಿನ ಪುಟದಲ್ಲಿಲ್ಲ,
ಅದರ ಮುಂದಿನದರಲ್ಲೂ.
ನೂರೈವತ್ತರಿಂದಾಚೆ ಪುಸ್ತಕವೇ ಖಾಲಿ.
ಅವಳಿಗೆ ಗಂಡು ಗೊತ್ತಾಗಿದೆ, ಇನ್ನೆಲ್ಲಿ ಬರ್ತಾಳೆ
ಎಂದು ನಾವೇ ಊರೆಲ್ಲ ಹೇಳಿಕೊಂಡು ತಿರುಗಿದೆವು.
ಯಾವ ಗಂಡೂ ಗೊತ್ತಾಗಿರಲಿಲ್ಲ.

ಮೊನ್ನೆ ಭಾನುವಾರ ಗಂಡಸರೇ ಸೇರಿದೆವು,
ಆತ್ಮವಿಮರ್ಶೆಗೆ, ಒಂಬತ್ತು ಜನ.
ಷಡಾಕ್ಷರಿ ಅತ್ತ. ಸರದಿಯ ಮೇಲೆ ಅವನ ಬೆನ್ನು ತಟ್ಟಿದೆವು.
ತೀರ್ಥೇಶ ಪುರುಷಪ್ರಧಾನ ವ್ಯವಸ್ಥೆಯ ಬಗ್ಗೆ
ನಲವತ್ತು ನಿಮಿಷ ಮಾತಾಡಿದ.
ಅವನ ವ್ಯವಸ್ಥೆಗೆ ಕೈಯೂ ಇರಲಿಲ್ಲ, ಕುಂಸಿಯ ಶಾಲೆಯೂ ಇರಲಿಲ್ಲ.
ನನ್ನ ಸರದಿ ಬಂದಾಗ
ನನ್ನ ತಪ್ಪೊಪ್ಪಿಗೆ ಷಡಾಕ್ಷರಿಯದಕ್ಕಿಂತ ಚೆನ್ನಾಗಿರಲಿ ಅನ್ನಿಸಿತು,
ನಿಜ ಹೇಳಬೇಕೆಂದರೆ.
ಇನಾಯತ್ ಮೆಲ್ಲಗೆ ಕೇಳಿದ: ಟೀ ಯಾರು ತರ್ತಾರೆ?
ಎಲ್ಲ ನಕ್ಕೆವು. ಯಾರೂ ಏಳಲಿಲ್ಲ.
ಕೊನೆಗೆ ಕೇಳಿದವನೇ ಫ್ಲಾಸ್ಕ್ ಹಿಡಿದು ಮೆಟ್ಟಿಲಿಳಿದ.

ಅಣ್ಣ ತೀರಿಕೊಂಡು ಆರು ವರ್ಷ.
ಶ್ರದ್ಧಾಂಜಲಿಯ ಕರಪತ್ರ ಬರೆದದ್ದು ನಾನು,
"ಹೆಣ್ಣುಮಕ್ಕಳ ನೋವಿಗೆ ಮಿಡಿದ ಜೀವ" ಎಂಬ ಸಾಲು ಸಮೇತ.
ಮಿಕ್ಕಿದ್ದೆಲ್ಲ ಗೋಣಿಗೆ ತುಂಬಿ ಆಯಿತು,
ಅವನ ಫೋಟೊ ಇನ್ನೂ ಮೊಳೆಯಲ್ಲೇ ಇದೆ.

ಗುತ್ಯಮ್ಮ ಸೊರಬದ ಕಡೆ ಒಂದು ಪಂಚಾಯ್ತಿಯಲ್ಲಿ
ಗ್ರಂಥಾಲಯ ನೋಡಿಕೊಳ್ಳುತ್ತಾಳಂತೆ.
ನಂಬರು ಇನಾಯತ್ ಹತ್ತಿರ ಇದೆ. ಇಸಿದುಕೊಂಡಿಲ್ಲ.
ಕ್ಷಮಿಸುವ ಕೆಲಸವನ್ನೂ
ಅವಳ ತಲೆಗೇ ಕಟ್ಟಿದಂತಾಗುತ್ತದೋ ಏನೋ.
ಅಥವಾ ಇದೂ ಒಂದು ಮುಂದೂಡಿಕೆಯೋ.

ನಿನ್ನೆ ಪೆನ್ನು ಹಿಡಿದು ಕೂತೆ.
ಹಾಜರಿದ್ದವರು ಎಂದು ಬರೆದು, ಹಳೆಯ ಸಭೆಗಳಿಗೆಲ್ಲ
ಅವಳ ಹೆಸರು ಮೊದಲು ಸೇರಿಸಿದೆ.
ವಿಷಯ ೭, ಮುಂದುವರಿದದ್ದು.
ಅಣ್ಣನ ಹೆಸರು, ಇನಿಶಿಯಲ್ ಬಿಡದೆ.
ಅದರ ಕೆಳಗೆ ಬರೆಸಿದವನದು, ಸಹಿ ಹಾಕಿದವರದು.

ಷಡಾಕ್ಷರಿ ಕನ್ನಡಕ ಏರಿಸಿ ಬಗ್ಗಿ ನೋಡಿದ.
"ಎಂಥದೋ ಇದು, ಓದಕ್ಕೇ ಬರಲ್ವಲ್ಲ."
ಬರ್ತದೆ, ಅಂದೆ.
ನಿಧಾನಕ್ಕೆ ಓದು.