ಕೈಗೆ ಬಂದದ್ದು

ಕೈಗೆ ಬಂದದ್ದು ಬಾಯಿಗೆ ಬರದ ಮನೆ ನಮ್ಮದು.
ಅಪ್ಪ ಎಲ್ಮರ್, ಹುಟ್ಟು ಕಿವುಡ,
ತಾರ್ತುವಿನ ಅಚ್ಚುಕೂಟದಲ್ಲಿ ಮೂವತ್ತು ವರ್ಷ
ಮೊಳೆ ಜೋಡಿಸಿದವನು,
ಸೀಸದ ಅಕ್ಷರವನ್ನು ಬೆನ್ನ ಕಡೆಯಿಂದ ಓದಬಲ್ಲವನು.
ಅವನ ಕಥೆಗಳನ್ನು ಹಿಡಿದು ತಂದಿದ್ದೇನೆ
ಸಾವಿರದ ಎಂಬತ್ತು ಗೆರೆಗಳ ಕ್ಯಾಮೆರಾದಲ್ಲಿ
(ಕಂತಿನದು, ಇನ್ನೂ ಐದು ಬಾಕಿ).

ನಲವತ್ತೇಳು ತುಣುಕು.
ಒಂದೊಂದನ್ನು ತೆರೆಯಲೂ ಕಂಪ್ಯೂಟರು ಏದುಸಿರು ಬಿಡುತ್ತದೆ.
ಎಲ್ಲಿ ಕತ್ತರಿಸಲಿ?
ಉಳಿದವರು ದನಿಯ ಗೆರೆ ನೋಡಿ ಕತ್ತರಿಸುತ್ತಾರೆ,
ದಿಬ್ಬ ಇಳಿದು ತಗ್ಗು ಬಂದಲ್ಲಿ ವಾಕ್ಯ ಮುಗಿಯಿತು.
ನನ್ನ ಪರದೆಯ ಮೇಲೆ ಆ ಗೆರೆ
ಜನವರಿಯ ಪೇಯ್ಪ್ಸಿ ಸರೋವರ,
ಮಟ್ಟಸ, ಬಿಳಿ, ಯಾರದೂ ಹೆಜ್ಜೆ ಇಲ್ಲ.

ಕಥೆಯೂ ಅಲ್ಲಿಯದೇ.
ಅವನೂ ಹೆಲ್ಡುರನೂ ಮಂಜುಗಡ್ಡೆ ಕೊರೆದು
ಮೀನಿಗೆ ಕೂತಿದ್ದರು, ಮಾರ್ಚ್ ತಿಂಗಳು, ಕೂರಬಾರದಿತ್ತು.
ದಡದವರು ಕೂಗಿದರಂತೆ, ಕೂಗಿಯೇ ಕೂಗಿದರಂತೆ.
‘ಕೂಗಿದ್ದನ್ನು ಆಮೇಲೆ ಚೀಟಿಯಲ್ಲಿ ಬರೆದು ತೋರಿಸಿದರು.’
ಬಿರುಕು ಮೊದಲು ತಿಳಿದದ್ದು ಅಪ್ಪನ ಅಂಗಾಲಿಗೆ.
ಇಲ್ಲಿ ಅವನ ಹಸ್ತಗಳೆರಡೂ ಒಂದೇ ಹಲಗೆಯಾಗಿ
ಸಣ್ಣಗೆ, ಬಹಳ ಸಣ್ಣಗೆ ನಡುಗುತ್ತವೆ.
ಹನ್ನೊಂದು ಫ್ರೇಮು. ಎಣಿಸಿದ್ದೇನೆ.
ಹನ್ನೆರಡನೆಯದರಲ್ಲಿ ಹಲಗೆ ಸೀಳುತ್ತದೆ,
ಹೆಲ್ಡುರ್ ಆ ಕಡೆ, ಇವನು ಈ ಕಡೆ.

ಮೊದಲ ಡಿಸ್ಕಿನಲ್ಲಿ ಆ ನಡುಕವೇ ಇರಲಿಲ್ಲ.
ಎರಡು ತಾಸಿನದನ್ನು ಮಡಚಿ, ಹಿಂಡಿ, ತುರುಕಿದ್ದೆ.
ಬೆರಳು ಕೊಟ್ಟರೆ ಹಸ್ತ ನುಂಗುವವರುಂಟು,
ಈ ಸಾಫ್ಟ್‌ವೇರು ಹಸ್ತ ಕೊಟ್ಟರೆ ಬೆರಳು ನುಂಗಿತು.
ಅಪ್ಪ ಟೀವಿಯ ಮುಂದೆ ಕಣ್ಣು ಕಿರಿದು ಮಾಡಿ ಕೂತ.
‘ಈ ಮುದುಕ ತೊದಲುತ್ತಾನೆ’ ಅಂದ,
ತನ್ನನ್ನೇ ತೋರಿಸಿ.

ಎರಡನೆಯದರಲ್ಲಿ ಬೆಸಗೆರೆ ಒಂದು ಕ್ಷಣದ್ದು,
ಸಮಗೆರೆ ಅದರ ಮುಂದಿನ ಕ್ಷಣದ್ದು.
ಓಡುವ ಬೆರಳಿಗೆಲ್ಲ ಬಾಚಣಿಗೆಯ ಹಲ್ಲು ಮೂಡಿತ್ತು.
ಮೂರನೆಯದು ನೂರಕ್ಕೆ ತೊಂಬತ್ತೇಳು ತಲುಪಿ
ನಿಂತೇಬಿಟ್ಟಿತು.
ಅದರ ಮೇಲೀಗ ಚಹದ ಲೋಟ.

ಹಿಂಡುವ ಆಸೆ ಬಿಟ್ಟೆ.
ಡಿಸ್ಕಿಗೊಂದೇ ಕಥೆ, ಸೆಕೆಂಡಿಗೆ ಐವತ್ತು ಚಿತ್ರ.
ಕಥೆ ಆರು, ಕಿವುಡರ ಸಂಘದವರು ಹದಿನಾಲ್ಕು ಮಂದಿ;
ಇದನ್ನು ಆಡಿಸಬಲ್ಲ ಪ್ಲೇಯರು ಇಡೀ ಸಂಘಕ್ಕೆ ಒಂದೇ,
ಆದರೂ ಪ್ರತಿಯೊಬ್ಬರಿಗೂ ತಮ್ಮದೊಂದು ಪ್ರತಿ ಬೇಕು.
ಎಂಬತ್ತನಾಲ್ಕು.
‘ಮದುವೆಯೇ?’ ಅಂದ ಅಂಗಡಿಯ ಹುಡುಗ.

ಬರೆಯುವುದೋ ಬರೆ ಹಾಕುವುದೋ,
ಬೆಳಕಿನ ಸೂಜಿ ಶುರು ಮಾಡಿತು.
ಅಷ್ಟರಲ್ಲಿ ಅಪ್ಪ ಪರದೆಯ ಆ ಮಟ್ಟಸ ಗೆರೆಯ ಮೇಲೆ
ಬೆರಳಿಟ್ಟ: ‘ಇದರಲ್ಲಿ ಏನಿದೆ?’
ಕುರ್ಚಿ ಕಿರುಗುಟ್ಟಿದ್ದು. ತೋಳಿನ ಬಟ್ಟೆ.
ಅಂಗೈಗೆ ಅಂಗೈ ತಾಗಿದ್ದು.
ಬಿರುಕಿನ ಹತ್ತಿರ, ನಿನ್ನ ಗಂಟಲು.

ಗಂಟಲೆ?
ಕೈ ಕೆಳಗಿಳಿಸಿದ.
ಶಾಲೆಯಲ್ಲಿ ಆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಸಿ
ಗಂಟಲಿನಿಂದ ಮಾತು ತೆಗೆಯಲು ನೋಡಿದ್ದರು;
ಬಂದದ್ದನ್ನು ಕೇಳಿ ಬೀದಿಯ ಮಕ್ಕಳು ನಕ್ಕಿದ್ದರು.
‘ಅಳಿಸಲೆ?’ ಅಂದೆ.
ಬಹಳ ಹೊತ್ತಾದ ಮೇಲೆ, ‘ಹೇಗಿದೆ ಅದು?’

ಹೇಳಲು ನನ್ನ ಯಾವ ಭಾಷೆಯಲ್ಲೂ ಆಗಲಿಲ್ಲ.
ಅವನ ಅಂಗೈ ಹಿಡಿದು ಡ್ರೈವಿನ ಬೆನ್ನ ಮೇಲಿಟ್ಟೆ.
ಒಳಗೆ ಡಿಸ್ಕು ವೇಗ ಹಿಡಿಯುತ್ತಿತ್ತು,
ತಗ್ಗಿ, ಏರಿ, ಮತ್ತೆ ತಗ್ಗಿ, ಗುಂಯ್ಯೆಂದು ಒಂದು ನೆಲೆಗೆ ಬಂದು.
ಸುಮಾರು ಹೀಗೆ ಅಂದೆ. ಸುಳ್ಳೇನಲ್ಲ.

ಅಪ್ಪ ಕೈ ತೆಗೆಯಲಿಲ್ಲ.
ಉಳಿದ ಒಂದೇ ಕೈಯಲ್ಲಿ, ಎರಡು ಕೈ ಬೇಕಾದ ಮಾತನ್ನು
ಅರ್ಧರ್ಧ ಆಡಿದ:
‘ಹೆಲ್ಡುರನ ಪ್ರತಿಯಲ್ಲಿ ಇರಲಿ ಬಿಡು.
ಅವನ ಮೊಮ್ಮಗಳಿಗೆ ಕಿವಿ ಕೇಳಿಸುತ್ತೆ.’

ಟ್ರೇ ಹೊರಗೆ ಬಂತು, ಡಿಸ್ಕು ಇನ್ನೂ ಬೆಚ್ಚಗಿತ್ತು.
ಇನ್ನು ಎಂಬತ್ತಮೂರು.