ಗರಿಯಂಚು

ಡುಲೂತಿನಲ್ಲಿ ಅಕ್ಟೋಬರ್ ಮುಗಿಯುವ ಮೊದಲೇ ಹಿಮ.
ಗುಡ್ಡದ ಆಸ್ಪತ್ರೆಯ ನೆಲಮಾಳಿಗೆ, ಕಿಟಕಿಯಿಲ್ಲದ ಕೋಣೆ,
ಆರು ಜನ ನಾವು, ವಾರವಿಡೀ ಒಂದೇ ಕೆಲಸ:
ಗಾಜಿನ ಮೇಲೆ ಒಂದು ಹನಿ ನೆತ್ತರು,
ಇನ್ನೊಂದು ಗಾಜನ್ನು ಓರೆ ಹಿಡಿದು
ಹಿಂದೆ ಸರಿಸಿ, ಹನಿಗೆ ತಾಕಿಸಿ,
ಮುಂದಕ್ಕೆ, ಒಂದೇ ಉಸಿರಲ್ಲಿ.

ನನ್ನದು ದಪ್ಪ. ನನ್ನದು ತೂತು. ನನ್ನದು
ಗಾಜು ದಾಟಿ ಕೈಗವಸಿಗೆ.
ಲೊರೇನ್ ಮಾಕಿ ಒಂದೊಂದನ್ನೂ ಬೆಳಕಿಗೆ ಹಿಡಿದು
ಡಬ್ಬಿಗೆ ಹಾಕುತ್ತಾಳೆ, ಸಿಟ್ಟಿಲ್ಲದೆ,
ಹುರುಳಿಕಾಯಿ ನಾರು ತೆಗೆದ ಹಾಗೆ.
"ತುದಿಯಲ್ಲಿ ಹಕ್ಕಿಗರಿಯ ಅಂಚು ಬರಬೇಕು,
ಕಾಮನಬಿಲ್ಲು ಮಿನುಗುವಷ್ಟು ತೆಳು.
ಅಲ್ಲಿ ಮಾತ್ರ ಕಣಗಳು ಒಂದರ ಮೇಲೊಂದು ಬೀಳದೆ
ತಮ್ಮಷ್ಟಕ್ಕೆ ತಾವು ನಿಂತಿರುತ್ತವೆ."

ನನಗೆ ನಲವತ್ತೊಂದು. ಪಕ್ಕದ ಟೌ ವಾಂಗ್‌ಗೆ ಇಪ್ಪತ್ತೆರಡು.
ಬುಧವಾರ ಅವನ ನರ ನನ್ನ ಸೂಜಿಗೆ,
ನನ್ನ ನರ ಅವನ ಸೂಜಿಗೆ; ಸಾಲ ಅಲ್ಲಿಗಲ್ಲಿಗೆ ಚುಕ್ತಾ.
ಬಸ್ಸಿನಲ್ಲಿ ಮಗ್ಗಿಯಂತೆ ಒಪ್ಪಿಸುತ್ತೇನೆ:
ತಿಳಿನೀಲಿ ಮುಚ್ಚಳ, ಕೆಂಪು, ಹಸಿರು, ನೇರಳೆ, ಬೂದು.
ಮೊಣಕೈಯ ಒಳಗೂ ಹೆಚ್ಚುಕಡಿಮೆ ಅವೇ ಬಣ್ಣ.
ಮಗಳು ಕೇಳುತ್ತಾಳೆ: "ಕಾಲೇಜಲ್ಲಿ ಹೊಡೀತಾರಾ ಅಮ್ಮ?"

ಗುಳೇದಗುಡ್ಡದಲ್ಲಿ ಅಪ್ಪ ಚಿನ್ನ ಒರೆ ಹಚ್ಚುತ್ತಿದ್ದ.
ಬಂದವರು ಆಣೆ ಇಡುತ್ತಿದ್ದರು, ಕೆಲವರು ಅಳುತ್ತಿದ್ದರು,
ಅತ್ತೆ ಹಾಕಿದ್ದು, ತವರಲ್ಲಿ ಕೊಟ್ಟಿದ್ದು ಎಂದು.
ಅವನು ಕರಿಕಲ್ಲಿಗೆ ತಿಕ್ಕಿ, ಆಮ್ಲದ ಹನಿ ಬಿಟ್ಟು,
"ಗೀಟು ನೋಡಬೇಕವ್ವಾ, ಮಾರಿ ನೋಡಬಾರ್ದು" ಎನ್ನುತ್ತಿದ್ದ.
ಒಮ್ಮೆ ಮಾತ್ರ, ಒಬ್ಬಾಕೆಯ ಹಿತ್ತಾಳೆ ಸರ ಮರಳಿಸುವಾಗ
ತಲೆ ಎತ್ತದೆ ಚಹಾ ತರಿಸಿದ.

ಇಲ್ಲಿ ಮಾರಿಯೇ ಇಲ್ಲ.
ಪಟ್ಟಿಯ ಗೆರೆ, ಏಳಂಕಿ, ಒಂದು ಹುಟ್ಟಿದ ದಿನ.

ಡಿಸೆಂಬರಿನಲ್ಲಿ ಎಣಿಕೆ. ಎಣ್ಣೆಯ ಹನಿ, ಬೆಳಕಿನ ವೃತ್ತ,
ಎಡಗೈ ಕೆಳಗೆ ಟಕ್ ಟಕ್ ಎನ್ನುವ ಗುಂಡಿಗಳು;
ನೂರಾದರೆ ಗಂಟೆ ಬಾರಿಸುತ್ತದೆ.
ಇಂಗ್ಲಿಷಿನಲ್ಲಿ ಓದುತ್ತೇನೆ, ಇಂಗ್ಲಿಷಿನಲ್ಲೇ ತಪ್ಪುತ್ತೇನೆ,
ಗುರುತು ಹಿಡಿಯುವುದು ಮಾತ್ರ ಮನೆಮಾತಲ್ಲಿ:
ಮೂರು ಮಣಿ ಪೋಣಿಸಿಕೊಂಡವಳು,
ಮೈತುಂಬ ಕುಂಕುಮ ಚೆಲ್ಲಿಕೊಂಡವಳು,
ಹಿಂಡಿ ಬಿಸಾಕಿದ ಒದ್ದೆ ಬಟ್ಟೆಯಂಥವಳು.

ಅರವತ್ತಮೂರನೆಯದು ಯಾರಂತೆಯೂ ಇರಲಿಲ್ಲ.
ದೊಡ್ಡದು. ಒಡಲೆಲ್ಲ ನಡುವಿನ ಬೀಜವೇ.
ಅಂಚಿನ ನೀಲಿಯಲ್ಲಿ ಒಂದು ಕೆಂಪು ಕಡ್ಡಿ,
ಮುರಿದ ಸೂಜಿಯಷ್ಟು.
ಪುಸ್ತಕದ ಚಿತ್ರ ಎದ್ದು ಬಂದು ಕೂತಂತೆ.

ಮೊದಲು ಬಂದದ್ದು ಖುಷಿ.
ಸುಳ್ಳು ಹೇಳಲಾರೆ. ಕಂಡುಹಿಡಿದೆ ಎಂಬ ಖುಷಿ,
ಕೈ ಎತ್ತಿದ ಹುಡುಗಿಯ ಖುಷಿ.
ಆಮೇಲೆ ಪಟ್ಟಿಯ ದಿನಾಂಕ ಓದಿದೆ:
ಬರುವ ಗುರುವಾರಕ್ಕೆ ಹತ್ತೊಂಬತ್ತು.

ಲೊರೇನ್ ಬಂದು ಕೂತಳು. ಕನ್ನಡಕ ಹಣೆಗೇರಿಸಿದಳು,
ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸಿದಳು.
ಶಹಬಾಸ್ ಎನ್ನಲಿಲ್ಲ, ಅಯ್ಯೋ ಎನ್ನಲಿಲ್ಲ.
ಫೋನಿನಲ್ಲಿ ವೈದ್ಯರನ್ನು ಎಬ್ಬಿಸಿ, ಹೇಳಿ, ಕೇಳಿದ್ದನ್ನು
ಅವರಿಂದ ತಿರುಗಿ ಹೇಳಿಸಿಕೊಂಡು, ಗಂಟೆ ನಿಮಿಷ ಬರೆದು,
ನನ್ನತ್ತ ನೋಡಿ ಅಂದಳು:
"ಇನ್ನೂ ಮೂವತ್ತೇಳು ಬಾಕಿ."

ಬೆಳಗಿನ ಬಸ್ಸು ಗುಡ್ಡ ಇಳಿಯುವಾಗ
ಕೆರೆಯೆನ್ನಲಾರದಷ್ಟು ದೊಡ್ಡ ಕೆರೆ ಹೊಗೆಯಾಡುತ್ತಿತ್ತು.
ಅದಿರಿನ ಹಡಗೊಂದು ಕೂಗಿತು,
ಎತ್ತುಸೇತುವೆ ಮರುಕೂಗಿತು.
ಕಂಬಿ ಹಿಡಿದು ನಿಂತವರ ಮೊಣಕೈಗಳನ್ನೇ ನೋಡಿದೆ;
ಎಲ್ಲರಿಗೂ ಚಳಿಗಾಲದ ಕೋಟು.

ಗುರುವಾರ ಕ್ಯಾಂಟೀನಿನಲ್ಲಿ ಎರಡು ಚಹಾ ಕೊಂಡೆ.
ಒಂದು ಮೇಜಿನ ಮೇಲೆ ಆರುತ್ತಾ ಕೂತಿತ್ತು.
ಕೊನೆಗೆ ಟೌ ಬಂದ, ಕೇಳದೆ ಕುಡಿದ,
ಸಕ್ಕರೆ ಸಾಲದು ಎಂದ.